ತೂಕಡಿಸಿದವಳು ಸೋಮಾರಿಯೇ?

ಕೆಂಟನ್‌ನಲ್ಲಿ ಬೇಕರ್‌ಲೂ ರೈಲು ಹತ್ತಿದರೆ ನೇರ ಚೇರಿಂಗ್ ಕ್ರಾಸ್. ಹೊರಬಂದರೆ ಟ್ರಫಾಲ್ಗರ್ ಚೌಕ, ಎದುರಿಗೇ ನ್ಯಾಷನಲ್ ಗ್ಯಾಲರಿ. ಪ್ರವೇಶ ಉಚಿತವಾದ್ದರಿಂದ ಊರಿನಿಂದ ಬಂದ ಹಿರಿಯರನ್ನು ನಾವು ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತೇವೆ. ರಾಜರಾಣಿಯರ ಚಿತ್ರಗಳನ್ನು ಸರಸರನೆ ದಾಟುವ ಅಮ್ಮಂದಿರು ಅಡುಗೆಮನೆಯ ಚಿತ್ರ ಕಂಡರೆ ನಿಂತುಬಿಡುತ್ತಾರೆ.

ರೆಂಬ್ರಾಂಟ್‌ನ ಶಿಷ್ಯ, ಡಚ್ ಕಲಾವಿದ ನಿಕೋಲಸ್ ಮಾಸ್ 1655ರಲ್ಲಿ ಬರೆದ ಚಿತ್ರವೊಂದು ಈ ಗ್ಯಾಲರಿಯಲ್ಲಿದೆ. ಕೆಲಸದ ಹುಡುಗಿ ಕೂತಲ್ಲೇ ತಲೆಗೆ ಕೈಕೊಟ್ಟು ನಿದ್ದೆಹೋಗಿದ್ದಾಳೆ. ನೆಲದ ತುಂಬ ಪಾತ್ರೆ. ಹಿಂದೆ ಬೆಕ್ಕು ಕೋಳಿ ಕದಿಯುತ್ತಿದೆ. ಪಕ್ಕದಲ್ಲಿ ನಿಂತ ಮನೆಯೊಡತಿ ‘ನೋಡಿ ಇವಳ ಚಂದ’ ಎನ್ನುವಂತೆ ನಮ್ಮತ್ತ ನಗುತ್ತ ಕೈ ತೋರಿಸುತ್ತಾಳೆ. ಹಿಂದಿನ ಕೋಣೆಯಲ್ಲಿ ಉಳಿದವರು ಮೇಜಿನ ಸುತ್ತ ಕೂತಿದ್ದಾರೆ. ಚಿತ್ರದ ಹೆಸರು ‘ಸೋಮಾರಿ ಕೆಲಸದಾಕೆ’. ನಮ್ಮ ಜೊತೆ ಬಂದಿದ್ದ ಅತ್ತೆಯವರಿಗೆ ಮಾತ್ರ ನಗು ಬರಲಿಲ್ಲ. “ಪಾಪ, ಎಷ್ಟೊತ್ತಿಗೆ ಎದ್ದಿದ್ದಳೋ” ಎಂದರು.

(ಅಲ್ಲೇ ವೆಲಾಸ್ಕೆಸ್‌ನ 1618ರ ಚಿತ್ರವೊಂದಿದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಮುಂದಿಟ್ಟುಕೊಂಡು ಮುಖ ಸಪ್ಪೆ ಮಾಡಿಕೊಂಡು ಕುಟ್ಟುವ ಹುಡುಗಿ, ಹಿಂದೆ ಬೆರಳು ತೋರಿಸುವ ಮುದುಕಿ. ಅದನ್ನು ನೋಡಿದಾಗ ಅತ್ತೆ-ಸೊಸೆ ಇಬ್ಬರೂ ನಕ್ಕರು!)

ಆ ‘ಎಷ್ಟೊತ್ತಿಗೆ ಎದ್ದಿದ್ದಳೋ’ ಎಂಬ ಪ್ರಶ್ನೆ ಫೋನಿನಲ್ಲಿ ನಮಗೆ ಕೇಳಿಬರುವುದಿಲ್ಲ. “ಅಲ್ಲಿ ಎಲ್ಲಕ್ಕೂ ಮಶೀನ್ ಇದೆಯಲ್ಲ, ಇಡೀ ದಿನ ಏನು ಮಾಡ್ತೀಯಮ್ಮ?” ಎಂಬುದೇ ಮಾಮೂಲು. ಮಶೀನು ಬಟ್ಟೆ ಒಗೆಯುತ್ತದೆ, ನಿಜ. ಬಿಸಿಲಿಲ್ಲದ ಊರಿನಲ್ಲಿ ಅದನ್ನು ಮನೆಯೊಳಗೇ ಹರವಿ, ಒಣಗಿಸಿ, ಮಡಿಸುವವರು ಯಾರು? ಊರಿನಲ್ಲಿ ಪಾತ್ರೆಗೆ ಒಬ್ಬರು, ಕಸಮುಸುರೆಗೆ ಒಬ್ಬರು ಬರುತ್ತಾರೆ. ಇಲ್ಲಿ ಮಾಸ್‌ನ ಚಿತ್ರದ ಒಡತಿ, ಕೆಲಸದಾಕೆ ಇಬ್ಬರೂ ಒಬ್ಬಳೇ. ಎಷ್ಟೋ ಮನೆಗಳಲ್ಲಿ ಇದರ ಮೇಲೆ ಆಫೀಸು ಬೇರೆ.

ಇಲ್ಲಿನ ಗಂಡಸರು ಏನೂ ಮಾಡುವುದಿಲ್ಲ ಎಂದಲ್ಲ. ಪಾತ್ರೆ ತೊಳೆಯುತ್ತಾರೆ, ಚಪಾತಿಯನ್ನೂ ಲಟ್ಟಿಸುತ್ತಾರೆ. ಊರಿನಿಂದ ವಿಡಿಯೊ ಕಾಲ್ ಬಂದೊಡನೆ ಕೈ ಒರೆಸಿಕೊಂಡು ಸೋಫಾದಲ್ಲಿ ಕೂರುತ್ತಾರೆ, ಅಷ್ಟೆ. ಅಮ್ಮ ನೊಂದುಕೊಂಡಾಳು ಎಂಬ ಭಯ. ಬರುವ ಭಾನುವಾರ ನೀವು ಕಾಲ್ ಮಾಡಿದಾಗ ಮಗ ಸಿಂಕಿನ ಮುಂದೆ ನಿಂತಿದ್ದು, ಸೊಸೆ ಸೋಫಾದಲ್ಲಿ ತೂಕಡಿಸುತ್ತಿದ್ದರೆ ಅವಳನ್ನು ಎಬ್ಬಿಸಲು ಹೇಳಬೇಡಿ. ಮಗನ ಹತ್ತಿರವೇ ಮಾತಾಡುತ್ತಿರಿ, ಅವನ ಪಾತ್ರೆ ಮುಗಿಯಲಿ.