ಅಂಕ ನಿಂತಲ್ಲೇ ನಿಂತಾಗ

ಪೀಣ್ಯದಲ್ಲಿ ನೆಲೆಸಿರುವ ನಮ್ಮ ತಮ್ಮನ ಮಗಳಿಗೆ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯನ್ನು ಸೇರುವ ಹಂಬಲ. ಅದಕ್ಕಾಗಿ ‘ಕ್ಲಾಟ್’ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಅನುದಿನವೂ ಮಾದರಿ ಪ್ರಶ್ನೆಪತ್ರಿಕೆ ಬಿಡಿಸಿದರೂ ಅಂಕ 60ನ್ನು ದಾಟಲಿಲ್ಲ. ತಂದೆ ಕಾರ್ಖಾನೆಯ ಪಾಳಿ ಮುಗಿಸಿ ಬರುವ ವೇಳೆಗೆ, ಅಂಕ ಹೇಳಲಂಜಿ ಮಲಗಿಬಿಡುತ್ತಿದ್ದಳು. ‘ಇದು ನನ್ನಿಂದಾಗದು, ದೊಡ್ಡಪ್ಪ’ ಎಂದು ಕಣ್ಣೀರಿಟ್ಟಳು.

ಜೊತೆಯಲ್ಲಿ ಕುಳಿತು ಅವಳ ಉತ್ತರಗಳನ್ನು ಪರಿಶೀಲಿಸಿದೆವು. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಅವಳದು 72 ಸರಿ, 48 ತಪ್ಪು. ತಪ್ಪುಗಳೇ 12 ಅಂಕಗಳನ್ನು ನುಂಗಿದ್ದವು! ಕಾನೂನು ವಿಭಾಗದಲ್ಲಿ, ಗದ್ಯಭಾಗದಲ್ಲಿ ಕೊಟ್ಟಿದ್ದ ನಿಯಮವನ್ನು ಬಿಟ್ಟು ತನಗೆ ನ್ಯಾಯವೆನಿಸಿದ ಉತ್ತರವನ್ನೇ ಗುರುತಿಸಿದ್ದಳು.

ಅಂದಿನಿಂದ ವಾರಕ್ಕೆ ಎರಡೇ ಪತ್ರಿಕೆಗಳು. ಉಳಿದ ದಿನಗಳಲ್ಲಿ ಪ್ರತಿ ತಪ್ಪಿನ ಮುಂದೆ ‘ತಿಳಿಯದು’, ‘ಸರಿಯಾಗಿ ಓದಲಿಲ್ಲ’, ‘ಅವಸರ’ ಎಂದು ಕಾರಣ ಬರೆದು, ಆ ಪ್ರಶ್ನೆಯನ್ನು ಮತ್ತೆ ಬಿಡಿಸುತ್ತಾಳೆ. ಎರಡು ತಿಂಗಳಲ್ಲಿ ಅಂಕ 71ಕ್ಕೇರಿದೆ. ಗುರಿ ಇನ್ನೂ ದೂರವಿದೆ. ಆದರೆ ಭಯ ಹೋಗಿದೆ.

ತಂದೆತಾಯಿಗಳೇ, ‘ಎಷ್ಟು ಅಂಕ ಬಂತು?’ ಎನ್ನುವ ಮೊದಲು ‘ಎಲ್ಲಿ ತಪ್ಪಿತು, ಮಗು?’ ಎಂದು ಕೇಳಿರಿ. ಮಕ್ಕಳು ತಪ್ಪನ್ನು ಬಚ್ಚಿಡದ ಮನೆಯಲ್ಲಿಯೇ ತಿದ್ದಿಕೊಳ್ಳುವುದು ಸಾಧ್ಯ.