ನೆಲಬೇವು ಹಿತ್ತಲಲ್ಲಿರಲಿ, ಜ್ವರದ ಲೆಕ್ಕ ಆಸ್ಪತ್ರೆಯಲ್ಲಿರಲಿ

ಹೊರಗಿನಿಂದ ಹಲಸಿಗೆ ಬರುವವರು ಭೂವರಾಹ ನರಸಿಂಹ ದೇವಸ್ಥಾನ ನೋಡುತ್ತಾರೆ, ಕದಂಬರ ಕಥೆ ಕೇಳಿಕೊಂಡು ಹೋಗುತ್ತಾರೆ. ಇಲ್ಲಿ ಬಾಳುವೆ ಮಾಡುವವರಿಗೆ ಹಲಸಿ ಅಂದರೆ ಭತ್ತದ ಗದ್ದೆ, ಗೇರು, ಬಿಡದ ಮಳೆ, ಮಳೆಯ ಹಿಂದೆಯೇ ಬರುವ ಜ್ವರ. ಜ್ವರ ಬಂತೆಂದರೆ ಖಾನಾಪುರ ತಾಲ್ಲೂಕಿನ ಅನೇಕ ಮನೆಗಳಲ್ಲಿ ಮೊದಲು ಒಲೆಗೆ ಏರುವುದು ನೆಲಬೇವಿನ ಕಷಾಯ. ಮರಾಠಿ ಮಾತಾಡುವ ಮನೆಗಳಲ್ಲಿ ಇದೇ ಗಿಡಕ್ಕೆ ಕಿರಾಯತ ಅಂತಾರೆ. 'ಕಿರಾಯತ ಕುಡದ್ರ ಎಂಥಾ ಜ್ವರಾನೂ ಇಳೀತೈತಿ' ಅನ್ನುವ ಮಾತು ಎರಡೂ ಭಾಷೆಯ ಮನೆಗಳಲ್ಲಿ ಉಂಟು.

ಈ ಗಿಡವನ್ನು ಬಿಡಿ ಎಂದು ಹೇಳಲು ನಾವು ಬರೆಯುತ್ತಿಲ್ಲ. ಇದನ್ನು ಬೆಳೆಸಿ ಎನ್ನುತ್ತೇವೆ. ಜೊತೆಗೆ, ಇದರ ಮೇಲೆ ಭಾರ ಹಾಕಿ ಜ್ವರದ ದಿನ ಎಣಿಸುತ್ತ ಮನೆಯಲ್ಲಿ ಕೂರಬೇಡಿ ಎನ್ನುತ್ತೇವೆ.

ಮೊದಲು ಬೆಳೆಸುವ ಮಾತು. ನೆಲಬೇವು ಒಂದೇ ವರ್ಷ ಬದುಕುವ ಗಿಡ. ಇದರ ಕಹಿ ಸತ್ವ ಎಲೆಯಲ್ಲಿ ಹೆಚ್ಚಾಗಿ ತುಂಬಿಕೊಳ್ಳುವುದು ಹೂ ಬಿಡುವ ಹೊತ್ತಿಗೆ. ಅಂದರೆ ಔಷಧಕ್ಕೆ ಕೀಳುವ ಸರಿಯಾದ ಸಮಯ ಬೀಜ ಕಟ್ಟುವ ಮುಂಚೆಯೇ ಬರುತ್ತದೆ. ಕಾಡಂಚಿನಲ್ಲಿ ಕಂಡ ಗಿಡವನ್ನೆಲ್ಲ ಆಗ ಬೇರುಸಹಿತ ಕಿತ್ತರೆ ಮರುವರ್ಷಕ್ಕೆ ಅಲ್ಲಿ ಬೀಜ ಉದುರುವುದಿಲ್ಲ. ಚೆನ್ನಾಗಿ ತಿಳಿದವನು ಕಿತ್ತಷ್ಟೂ ಗಿಡ ಬೇಗ ಕಾಣೆಯಾಗುತ್ತದೆ. ಹೀಗಾಗಿ ಬೇಕಾದವರು ತಮ್ಮ ಹಿತ್ತಲಲ್ಲೇ ಬೆಳೆದುಕೊಳ್ಳುವುದು ಒಳ್ಳೆಯದು.

ಅಂಗಡಿಯಿಂದ ತರುವವರಿಗೆ ಇನ್ನೊಂದು ತೊಡಕು. ಚಿರಾಯತ, ಕಿರಾತಕಡ್ಡಿ ಎಂಬ ಹೆಸರು ನಿಜವಾಗಿ ಹಿಮಾಲಯದಲ್ಲಿ ಬೆಳೆಯುವ ಬೇರೆ ಗಿಡದ್ದು. ಅದರ ಬದಲಿಗೆ ನೆಲಬೇವನ್ನೇ ಮಾರುವುದು ದೇಶದ ತುಂಬ ಇದೆ. ಒಣಗಿ ಪುಡಿಯಾದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹಿತ್ತಲಲ್ಲಿದ್ದರೆ ಗುರುತು ಸುಲಭ: ಮೊಣಕಾಲಿನಿಂದ ಸೊಂಟದವರೆಗಿನ ಎತ್ತರ, ನಾಲ್ಕು ಮೂಲೆಯ ಕಾಂಡ, ಎದುರುಬದುರು ಚೂಪು ಎಲೆ, ನೇರಳೆ ಗುರುತಿರುವ ಸಣ್ಣ ಬಿಳಿ ಹೂ.

ಬೆಳೆಸುವುದು ಕಷ್ಟವಲ್ಲ. ಮೇ ತಿಂಗಳಲ್ಲಿ ಮಡಿ ಮಾಡಿ ಬೀಜ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ಬೀಜ ಬಹಳ ಸಣ್ಣದು, ಜೋರು ಮಳೆಗೆ ಕೊಚ್ಚಿ ಹೋಗುತ್ತದೆ, ಅದಕ್ಕೆ ಮೇಲೆ ಒಣಹುಲ್ಲಿನ ಹೊದಿಕೆ ಇರಲಿ. ಮೊಳಕೆ ಬಂದ ಮೇಲೆ ಹುಲ್ಲು ತೆಗೆಯಿರಿ. ಜೂನ್ ಕೊನೆಗೆ, ಜುಲೈ ಮೊದಲಿಗೆ ಸಸಿ ಕಿತ್ತು ಒಂದು ಅಡಿ ಅಂತರಕ್ಕೆ ನೆಡಿ. ಅರೆನೆರಳಾದರೂ ನಡೆಯುತ್ತದೆ, ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ಹಲಸಿ ಕಡೆಯ ಮಳೆಗೆ ಗದ್ದೆಯ ಬದು, ಏರು ಮಡಿ ಸರಿಹೋಗುತ್ತದೆ. ನೆಟ್ಟು 90ರಿಂದ 110 ದಿನಕ್ಕೆ, ಅಂದರೆ ದಸರಾ ಹೊತ್ತಿಗೆ, ಹೂ ಶುರುವಾದಾಗ ಕೊಯ್ದು ನೆರಳಲ್ಲಿ ಒಣಗಿಸಿ.

ಎಲ್ಲ ಗಿಡ ಕೊಯ್ಯಬೇಡಿ. ನಾಲ್ಕೈದು ಗಿಡ ಬೀಜಕ್ಕೆ ಬಿಡಿ. ಕಾಯಿ ಕಂದುಬಣ್ಣಕ್ಕೆ ತಿರುಗಿದಾಗ, ಸಿಡಿಯುವ ಮುಂಚೆ ಬಿಡಿಸಿಕೊಳ್ಳಿ. ಹೊಸ ಬೀಜ ಕೂಡಲೇ ಮೊಳೆಯುವುದಿಲ್ಲ, ಮೇ ತಿಂಗಳವರೆಗೆ ಇಟ್ಟರೆ ಹದಕ್ಕೆ ಬರುತ್ತದೆ.

ಇನ್ನು ಜ್ವರದ ಮಾತು. ನಮ್ಮ ತಾಲ್ಲೂಕಿನಿಂದ ಗೇರುಬೀಜದ ಹಂಗಾಮಿಗೆ ಗೋವಾ ಕಡೆ ಕೂಲಿಗೆ ಹೋಗುವವರಿದ್ದಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ ಕಾಣಿಸಿತು. ಎರಡೂ ನಮ್ಮ ಗಡಿಯಾಚೆಯವೇ. ಗೋವಾದ ಗೇರು ತೋಟಕ್ಕೆ ಹೋಗಿದ್ದ ಬೆಳಗಾವಿ ಜಿಲ್ಲೆಯ ಕೂಲಿಕಾರರಿಗೂ ಅದು ತಗುಲಿದ್ದು ದಾಖಲಾಗಿದೆ. ಇದು ಉಣ್ಣಿ ಕಚ್ಚಿ ಬರುವ ರೋಗ. ನೂರು ಜನರಿಗೆ ಬಂದರೆ ಮೂರರಿಂದ ಐದು ಜನರ ಜೀವ ತೆಗೆಯುವಂಥದು.

'ಜ್ವರ ಇಳೀತಲ್ಲ' ಎಂಬ ಸಮಾಧಾನವೇ ಇಲ್ಲಿ ಮೋಸ ಮಾಡುತ್ತದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಅಪಾಯದ ದಿನ ಶುರುವಾಗುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸುವುದು ಆಗಲೇ. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರಕ್ಕೆ ತಲೆನೋವು, ನಡುಕದ ಜೊತೆ ಮತ್ತೆ ಬರುತ್ತದೆ. ತಾನಾಗಿ ಇಳಿದ ಜ್ವರದ ಶ್ರೇಯಸ್ಸು ಕಷಾಯಕ್ಕೆ ಹೋಗುತ್ತದೆ, ಮನೆಯವರು ನಿಶ್ಚಿಂತೆಯಾಗುತ್ತಾರೆ. ಕೂಲಿ ತಪ್ಪೀತು, ಬಸ್ಸಿನ ಖರ್ಚಾದೀತು ಎಂದು ಆಸ್ಪತ್ರೆ ಮುಂದಕ್ಕೆ ಹೋಗುತ್ತದೆ. ನೆಲಬೇವು ಇಲ್ಲಿ ತಪ್ಪು ಮಾಡಿಲ್ಲ. ಅದಕ್ಕೆ ರಕ್ತ ಪರೀಕ್ಷೆಯ ಕೆಲಸವನ್ನೂ ಒಪ್ಪಿಸಿದವರು ನಾವು.

ಸಸ್ಯೌಷಧವನ್ನು ನಂಬುವ ಬೇರೆಯವರು ಏನು ಮಾಡಿದ್ದಾರೆ ನೋಡಿ. ತಮಿಳುನಾಡಿನಲ್ಲಿ 2012ರ ಡೆಂಗಿ ಸಮಯದಲ್ಲಿ ಸರ್ಕಾರವೇ ನಿಲವೇಂಬು ಕಷಾಯ ಹಂಚಿತು. ಅದರಲ್ಲಿ ನೆಲಬೇವಿನ ಜೊತೆ ಇನ್ನೂ ಎಂಟು ಸಾಮಾನು ಇರುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಟ್ಟರು, ಡೆಂಗಿಯ ಚಿಕಿತ್ಸೆ ಮಾತ್ರ ನಿಲ್ಲಿಸಲಿಲ್ಲ. ಥಾಯ್ಲೆಂಡ್ ಈ ಗಿಡವನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿ, ಸತ್ವದ ಅಳತೆ ಗೊತ್ತುಮಾಡಿ ಕೊಡುತ್ತದೆ. ನಂಬಿದವರೇ ಅಳತೆ ಇಟ್ಟುಕೊಂಡಿದ್ದಾರೆ.

ಹಾಗಾಗಿ ಬಸುರಿಯರು ಇದನ್ನು ಕುಡಿಯುವುದು ಬೇಡ. ಬಿಪಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ಕುಡಿಯಬೇಡಿ. ಕೆಲವರಿಗೆ ಮೈತುರಿಕೆ, ಅಲರ್ಜಿ ಆಗುವುದುಂಟು. ಎಷ್ಟು ಕುಡಿಯಬೇಕು, ಎಷ್ಟು ದಿನ ಎಂಬುದನ್ನು ವಾಟ್ಸ್‌ಆ್ಯಪ್ ಸಂದೇಶ ನೋಡಿ ತೀರ್ಮಾನಿಸದೆ ಆಯುರ್ವೇದ ವೈದ್ಯರ ಹತ್ತಿರ ಕೇಳಿಕೊಳ್ಳಿ.

ಸರ್ಕಾರದವರಿಗೂ ಒಂದು ಮಾತು. ಬೆಳಗಾವಿಯಲ್ಲಿ 2006ರಲ್ಲಿ ಶುರುವಾದ ಐಸಿಎಂಆರ್ ಸಂಶೋಧನಾ ಕೇಂದ್ರ ಇಂದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಾಗಿದೆ. ಗಿಡದ ಗುರುತು ಖಚಿತ ಮಾಡಿಸಿಕೊಳ್ಳಲು ಸಂಶೋಧಕರು ಅಲ್ಲಿಗೆ ಹೋಗುತ್ತಾರೆ. ಆ ತಿಳಿವಳಿಕೆ ಹಲಸಿಯಂಥ ಊರುಗಳ ಗ್ರಾಮಸಭೆಗೂ ಬರಲಿ. ಅರಣ್ಯ ಇಲಾಖೆಯ ಸಸಿ ತೋಟಗಳು ಸಾಗವಾನಿಯ ಜೊತೆ ನಾಲ್ಕು ಮಡಿ ನೆಲಬೇವನ್ನೂ ಬೆಳೆಸಿ, ಮಹಿಳಾ ಸಂಘಗಳ ಕೈಗೆ ಕೊಡಲಿ. ಗೇರಿನ ಕೆಲಸ ಮುಗಿಸಿ ಬಂದವರಲ್ಲಿ ಜ್ವರ ಇದೆಯೇ ಎಂದು ಆರೋಗ್ಯ ಇಲಾಖೆ ಮನೆಮನೆಗೆ ಹೋಗಿ ಕೇಳಲಿ.

ನಿಮ್ಮ ಕೈಯಲ್ಲಿರುವುದು ಇಷ್ಟು. ಈ ಮಳೆಗಾಲಕ್ಕೆ ಹತ್ತು ಸಸಿ ನೆಡಿ. ಎರಡು ದಿನ ದಾಟಿದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಕಾಡಿಗೆ, ಗೇರು ತೋಟಕ್ಕೆ ಹೋಗಿ ಬಂದವರಿಗೆ ಜ್ವರ ಬಂದರೆ ಎರಡು ದಿನವೂ ಕಾಯಬೇಡಿ, ಹೋಗಿದ್ದ ಜಾಗವನ್ನು ಡಾಕ್ಟರಿಗೆ ಹೇಳಿ. ಮನೆಯಲ್ಲಿ ಕಷಾಯ ಕುಡಿದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.