ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?

ನವೀಕರಣವೆಂಬುದು ಈಚೆಗೆ ನಮ್ಮ ಊರುಗಳಲ್ಲಿ ಅಂಟುಜಾಡ್ಯದಂತೆ ಹಬ್ಬಿದೆ. ಯಾರನ್ನು ಕೇಳಿದರೂ "ಮನೆ ರಿನೋವೇಷನ್ ಮಾಡಿಸುತ್ತಿದ್ದೇವೆ" ಎನ್ನುತ್ತಾರೆ. ಹೋಗಿ ನೋಡಿದರೆ ಅಲ್ಲಿ ಮನೆಯೇ ಇರುವುದಿಲ್ಲ. ಹೆಂಚು ಇಳಿದಿದೆ, ತೊಲೆ ಲಾರಿ ಹತ್ತಿದೆ, ತೊಟ್ಟಿಯ ಕಂಬಗಳಿದ್ದ ಜಾಗದಲ್ಲಿ ಜಲ್ಲಿಯ ರಾಶಿ ಬಿದ್ದಿದೆ. ಹಳೆಯದರಲ್ಲಿ ಉಳಿದದ್ದು ಕಂದಾಯದ ರಸೀತಿಯ ಮೇಲಿನ ಮನೆ ನಂಬರು ಒಂದೇ. ಇದನ್ನು ನವೀಕರಣವೆಂದು ಕರೆದವರು ಮನೆಗೂ ಅಪಚಾರ ಮಾಡಿದರು, ಕನ್ನಡಕ್ಕೂ ಮಾಡಿದರು.

ನಾನು ಕನ್ನಡ ಪಾಠ ಹೇಳುವವನು, ವಾಸ್ತುಶಿಲ್ಪ ಕಲಿತವನಲ್ಲ. ಆದರೆ ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳನ್ನು ತಿರುವಿದ ಯಾರಿಗೇ ಆಗಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಪರಿಚಿತ. ದೇವರ ಅಂಗಭೋಗಕ್ಕೆ, ತಪಸ್ವಿಗಳ ಆಹಾರಕ್ಕೆ ಭೂಮಿ ಬಿಡುವಾಗ ಅದರ ಜೊತೆಗೇ ಈ ಮಾತೂ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಸವೆದದ್ದು. ಇವನ್ನು ಎತ್ತಿ ನಿಲ್ಲಿಸುವುದೇ ಉದ್ಧಾರ. ದೇವರ ನೈವೇದ್ಯದ ಜೊತೆಯಲ್ಲಿ ಗೋಡೆಯ ಬಿರುಕಿಗೂ ಗದ್ದೆ ಬಿಟ್ಟ ಜನರ ವಿವೇಕವೇನು ಸಾಮಾನ್ಯವೇ! ಕಟ್ಟಡವೆಂದ ಮೇಲೆ ಬಿರಿಯುತ್ತದೆ, ಬಿರಿದಷ್ಟನ್ನು ಮುಚ್ಚುತ್ತ ಹೋಗಬೇಕು ಎಂಬುದು ಅವರ ಲೆಕ್ಕ. ಬಿರಿಯಿತಲ್ಲ, ಇನ್ನು ಕೆಡವು ಎಂಬುದು ನಮ್ಮ ಲೆಕ್ಕ. ಇಲಿಯ ಕಾಟಕ್ಕೆ ಮನೆಗೇ ಬೆಂಕಿ ಇಟ್ಟವನು ಗಾದೆಯಲ್ಲಿ ಮಾತ್ರ ಇದ್ದಾನೆಂದು ತಿಳಿದಿದ್ದೆವು, ಈಗ ಬೀದಿಗೊಬ್ಬನಿದ್ದಾನೆ.

ಹಳೆಯ ಮೈಸೂರು ಸೀಮೆಯ ಒಂದು ಸಾಧಾರಣ ತೊಟ್ಟಿಮನೆಯನ್ನೇ ತೆಗೆದುಕೊಳ್ಳಿ. ಮಣ್ಣಿನ ಗೋಡೆ, ಕೆಂಪು ಕಾವಿಯ ನೆಲ, ಮೇಲೆ ಮಂಗಳೂರು ಹೆಂಚು. ಸೋರುತ್ತದೆ ಎಂಬುದು ಇದರ ಮೇಲಿನ ಮೊದಲ ಆಪಾದನೆ. ನಿಜ, ಆದರೆ ಸೋರುವುದು ಇಡೀ ಸೂರಲ್ಲ, ಕೋತಿ ತುಳಿದು ಒಡೆದ ನಾಲ್ಕು ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಹಬ್ಬಿಸಿದ ಈ ಹೆಂಚಿನ ಹೆಚ್ಚುಗಾರಿಕೆಯೇ ಅದು: ಒಂದರ ಅಂಚು ಇನ್ನೊಂದರ ಅಂಚನ್ನು ಕಚ್ಚಿಕೊಂಡು ರೀಪಿನ ಮೇಲೆ ತನ್ನ ಭಾರದಿಂದಲೇ ಕೂರುತ್ತದೆ. ಒಡೆದದ್ದನ್ನು ತೆಗೆದು ಇನ್ನೊಂದನ್ನು ಸೇರಿಸಿದರೆ ಕೆಲಸ ಮುಗಿಯಿತು. ಮುಂಗಾರಿಗೆ ಮುಂಚೆ ಹಿರಿಯರು ಹೆಂಚು ಕೈಯಾಡಿಸುತ್ತಿದ್ದುದು ಇದಕ್ಕೇ. ಕತ್ತಲೆ ಎನ್ನುತ್ತೀರೋ? ಎರಡು ಗಾಜಿನ ಹೆಂಚು ಇಡಿಸಿ ನೋಡಿ. ನಡುಮನೆಯಲ್ಲಿ ಕುಳಿತು ಪತ್ರಿಕೆ ಓದಬಹುದು. ನೆಲದ ಬಿರುಕಿಗೆ ಸಿಮೆಂಟಿನಲ್ಲಿ ಅದೇ ಬಣ್ಣದ ಕಾವಿ ಕಲಸಿ ತುಂಬಿ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿಸಿ. ಬಿರುಕಿನ ಗೆರೆ ಉಳಿದೀತು. ಉಳಿಯಲಿ, ಅದರಿಂದ ಯಾರ ಮಾನ ಹೋಯಿತು?

ಗೋಡೆಯ ಕಥೆ ಮಾತ್ರ ವಿಚಿತ್ರವಾದದ್ದು. ಎಷ್ಟೋ ಮನೆಗಳಲ್ಲಿ ಅದು ಉದುರತೊಡಗಿದ್ದೇ ಹಿಂದಿನ ಸಲದ 'ಸುಧಾರಣೆ'ಯಿಂದ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದ ಹೊರಕ್ಕೆ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡಿಯಾಗುವುದಿಲ್ಲ. ಸಿಮೆಂಟು ಮೆತ್ತಿ ಮೇಲೆ ಎಣ್ಣೆಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು, ಮಣ್ಣು ಮೆತ್ತಗಾಗಿ, ಸಿಮೆಂಟು ಹಪ್ಪಳದಂತೆ ಎದ್ದು ಬರುತ್ತದೆ. ಆಗ ಕಂಟ್ರಾಕ್ಟರು ಬಂದು "ಸ್ವಾಮಿ, ಗೋಡೆಯಲ್ಲಿ ಜೀವವಿಲ್ಲ, ಕೆಡವಬೇಕು" ಎನ್ನುತ್ತಾನೆ. ಉಸಿರು ಕಟ್ಟಿಸಿದವರೇ ನಾಡಿ ಹಿಡಿದು ನೋಡಿದ ಹಾಗಾಯಿತು.

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಹಳೆಯ ಮನೆಯ ಚೆಲುವನ್ನು ಕೊಂಡಾಡುವವರು ಬಹುಮಟ್ಟಿಗೆ ಪಡಸಾಲೆಯಲ್ಲಿ ಕಾಲು ಚಾಚಿದ ಗಂಡಸರು. ಹೊಗೆ ಹಿಡಿದ ಅಡಿಗೆಮನೆಯಲ್ಲಿ ಕೂತು ಎದ್ದು ಸೊಂಟ ಕಳೆದುಕೊಂಡವರು ಹೆಂಗಸರು. ಆ ಅಡಿಗೆಮನೆ ಇದ್ದಂತೆಯೇ ಇರಲಿ ಎನ್ನುವುದು ರಸಿಕತೆಯಲ್ಲ, ಕ್ರೌರ್ಯ. ಆದರೆ ಅದಕ್ಕೆ ಬೇಕಾದದ್ದು ಸೊಂಟದೆತ್ತರಕ್ಕೆ ಒಂದು ಕಡಪ ಕಲ್ಲಿನ ಕಟ್ಟೆ, ಕೈಗೆಟಕುವಂತೆ ನಲ್ಲಿ, ಒಂದು ದೊಡ್ಡ ಕಿಟಕಿ, ಹೊಗೆ ಹೊರಕ್ಕೆಳೆಯುವ ಫ್ಯಾನು. ಮುದುಕರಿರುವ ಮನೆಯ ಬಚ್ಚಲಲ್ಲಿ ಹಿಡಿದೇಳಲು ಗೋಡೆಗೊಂದು ಕಂಬಿ. ಹಳೆಯ ವೈರು ಬದಲಾಗಲೇಬೇಕು, ಗೆದ್ದಲು ತಿಂದ ತೊಲೆಯೂ ಅಷ್ಟೇ. ಇವುಗಳಲ್ಲಿ ಯಾವುದಕ್ಕೆ ಮನೆ ಕೆಡವಬೇಕು, ಹೇಳಿ!

ಕೆಡವಿದವರು ಪಡೆದದ್ದಾದರೂ ಏನು? ಹಗಲೆಲ್ಲ ಕಾದು ರಾತ್ರಿ ಕಾವು ಕಾರುವ ಕಾಂಕ್ರೀಟಿನ ತಾರಸಿ. ಅದನ್ನು ತಣಿಸಲು ಏರ್ ಕಂಡೀಷನರು. ನೀರು ಚೆಲ್ಲಿದರೆ ಮುದುಕಿಯ ಸೊಂಟ ಮುರಿಯುವ ಹೊಳೆಹೊಳೆಯುವ ಟೈಲ್ಸು. ನಿವೃತ್ತಿಯ ದಿನ ಕೈಗೆ ಬಂದ ಗಂಟು ಬುನಾದಿಗೇ ಮುಗಿದು, ಮಿಕ್ಕದ್ದಕ್ಕೆ ಬ್ಯಾಂಕಿನ ಸಾಲ, ಪಿಂಚಣಿಯಲ್ಲಿ ಕಂತು. ಮಗಳ ಓದಿಗೆಂದು ಇಟ್ಟದ್ದನ್ನೂ ಮುಟ್ಟಿದ ಮನೆಗಳನ್ನು ನಾನು ಬಲ್ಲೆ. ಮನೆ ಕಟ್ಟಿ ನೋಡು ಎಂದು ಎಚ್ಚರಿಸಿದ ಗಾದೆಯನ್ನು ನಾವು ಆಹ್ವಾನವೆಂದು ತಿಳಿದಿದ್ದೇವೆ. ಇತ್ತ ಹಳೆಯ ಸಾಮಾನಿನ ವ್ಯಾಪಾರಿಗೆ ಕೊಟ್ಟಷ್ಟಕ್ಕೆ ಮಾರಿದ ಕೆತ್ತನೆಯ ಕಂಬ ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಲ್ಲುತ್ತದೆ. ಅದೇ ಮನೆಯ ಮಗ ರಜೆಗೆ ಅಲ್ಲಿಗೆ ಹೋಗಿ, ದುಡ್ಡು ತೆತ್ತು, ಅದಕ್ಕೊರಗಿ ಫೋಟೋ ತೆಗೆಸಿಕೊಂಡರೆ ಆಶ್ಚರ್ಯವಿಲ್ಲ.

"ದುರಸ್ತಿ ಬಲ್ಲ ಕೆಲಸಗಾರರು ಈಗೆಲ್ಲಿದ್ದಾರೆ?" ಎಂಬುದು ಕೊನೆಯ ಬಾಣ. ಕಡಿಮೆಯಾಗಿದ್ದಾರೆ, ಒಪ್ಪಿದೆ. ಆದರೆ ಯಾಕೆ ಕಡಿಮೆಯಾದರು? ಗುತ್ತಿಗೆಯವನು ಚದರಡಿಗೆ ಕೇಳಿದಷ್ಟನ್ನು ಎಣಿಸಿಕೊಡುವವರು, ಸೂರು ಹತ್ತಿ ಹೆಂಚು ಕೈಯಾಡಿಸುವವನ ದಿನಗೂಲಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಸುಣ್ಣದ ಹದ ಬಲ್ಲ ಮುದುಕ ಹೊಟ್ಟೆಪಾಡಿಗೆ ಸಿಮೆಂಟಿನ ಬಾಂಡ್ಲಿ ಹೊರುತ್ತಿದ್ದಾನೆ. ಕೆಡವುವ ಕೆಲಸಕ್ಕೆ ಅವನನ್ನೇ ಕರೆಸುತ್ತೇವಲ್ಲ, ಆಗ ಒಂದು ಮಾತು ಕೇಳಬಹುದು: "ಏನಪ್ಪಾ ಯಜಮಾನ, ಇದನ್ನು ಉಳಿಸಿಕೊಳ್ಳುವುದಕ್ಕೆ ಎಷ್ಟು ದಿನದ ಕೆಲಸ?"